ಹೆಲ್ಸಿಂಕಿಯಿಂದ ಟಾಲಿನ್‌ಗೆ, ದೊಡ್ಡಪ್ಪನ ಜೊತೆ

ಆಗೆಲ್ಲ ಫೋನು ಮನುಷ್ಯರದ್ದಾಗಿರಲಿಲ್ಲ, ಮನೆಯದ್ದಾಗಿತ್ತು. ಅಡುಗೆಮನೆಯ ಗೋಡೆಗೆ ಒಂದು ಫೋನು, ಅದಕ್ಕೆ ಜಡೆಯಂತೆ ಇಳಿಬಿದ್ದ ಸುರುಳಿ ವೈರು. ಅದು ಬಡಿದುಕೊಂಡಾಗ ಹತ್ತಿರ ಇದ್ದವರು ಎತ್ತುತ್ತಿದ್ದರು, ಯಾರಿಗೆ ಬಂದಿದೆಯೋ ಅವರನ್ನು ಕೂಗುತ್ತಿದ್ದರು. ಎತ್ತಿದವರು ಕೂಗದೆ ಇಟ್ಟುಬಿಟ್ಟರೆ ಅಂಥದೊಂದು ಕರೆ ಬಂದಿತ್ತು ಅನ್ನುವುದೇ ಉಳಿದವರಿಗೆ ತಿಳಿಯುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ನೆಂಟರ ಮನೆಯ ಬೇಸ್‌ಮೆಂಟಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬೇಸ್‌ಮೆಂಟು ವಾಷಿಂಗ್ಟನ್ ಹತ್ತಿರದ ಫೇರ್‌ಫ್ಯಾಕ್ಸ್‌ನಲ್ಲಿತ್ತು. ಮೇಲಿನ ಮನೆ ಅಪ್ಪನ ಅಣ್ಣನದು. ದೊಡ್ಡಪ್ಪ ಹೃದಯದ ಡಾಕ್ಟರು, ನಮಗಿಂತ ಇಪ್ಪತ್ತು ವರ್ಷ ಮುಂಚೆಯೇ ಬಂದು ನೆಲೆನಿಂತವರು. ಅವರು ಅರ್ಜಿ ಹಾಕಿದ್ದರಿಂದ ನಮಗೆ ಗ್ರೀನ್ ಕಾರ್ಡ್ ಸಿಕ್ಕಿತು. ನನಗೆ ಎಂಟು ವರ್ಷವಾಗಿದ್ದಾಗ ಮೈಸೂರು ಬಿಟ್ಟು ಬಂದೆವು. ಅಪ್ಪನಿಗೆ ದೊಡ್ಡಪ್ಪನ ಕ್ಲಿನಿಕ್ಕಿನಲ್ಲೇ ಬಿಲ್ಲಿಂಗ್ ಕೆಲಸ. ಅಮ್ಮ ಮೇಲಿನ ಮನೆಯ ಅಡುಗೆ ಮಾಡುತ್ತಿದ್ದಳು, ದೊಡ್ಡಮ್ಮನಿಗೆ ತಡವಾಗಿ ಹುಟ್ಟಿದ ರೋಹನ್‌ನನ್ನು ನೋಡಿಕೊಳ್ಳುತ್ತಿದ್ದಳು. ಅಮ್ಮ ಮಾಡುವುದನ್ನು ಯಾರೂ ಕೆಲಸ ಅನ್ನುತ್ತಿರಲಿಲ್ಲ. ಮನೆಗೆ ಬಂದ ಅಂಕಲ್-ಆಂಟಿಯರಿಗೆ ದೊಡ್ಡಪ್ಪ ನಮ್ಮನ್ನು ಪರಿಚಯಿಸುತ್ತಿದ್ದ ಮಾತು ಒಂದೇ: "ಇವರು ನಾನು ಕರೆಸಿಕೊಂಡವರು."

ಬೇಸ್‌ಮೆಂಟಿನಲ್ಲಿ ಯಾವಾಗಲೂ ತೇವ ಕಾರ್ಪೆಟ್ಟಿನ ವಾಸನೆ. ಡ್ರೈಯರ್ ಓಡುವಾಗ ಮಾತ್ರ ಬೆಚ್ಚಗೆ, ಸಿಹಿಸಿಹಿಯಾಗಿ ಸೋಪಿನ ಘಮ ಹರಡಿಕೊಳ್ಳುತ್ತಿತ್ತು. ಸ್ಕೂಲು ಬಿಟ್ಟ ಮೇಲೆ ನಾನೂ ದೊಡ್ಡಪ್ಪನ ಮಗಳು ಅನುವೂ ಆ ಡ್ರೈಯರಿಗೆ ಬೆನ್ನು ಕೊಟ್ಟು ಚೌಕಾಬಾರ ಆಡುತ್ತಿದ್ದೆವು. ಪಿಜ್ಜಾ ಡಬ್ಬಿಯ ಮುಚ್ಚಳದ ಮೇಲೆ ಅಮ್ಮ ಮನೆ ಬರೆದುಕೊಟ್ಟಿದ್ದಳು. ಅನು ಅಲ್ಲೇ ಹುಟ್ಟಿದವಳು, ನನಗಿಂತ ಒಂದು ವರ್ಷ ದೊಡ್ಡವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನನಗೆ ಅಕ್ಕ ಅಂತ ಇದ್ದವಳು ಅವಳೊಬ್ಬಳೇ.

ಅಮ್ಮ ಮೈಕ್ರೊಬಯಾಲಜಿ ಎಂ.ಎಸ್‌ಸಿ. ಮಾಡಿದವಳು. ಮೈಸೂರಿನಲ್ಲಿ ಒಂದು ಲ್ಯಾಬಿನಲ್ಲಿ ಕೆಲಸದಲ್ಲಿದ್ದವಳು. ನಾವು ಬಂದ ಮಾರನೆಯ ವರ್ಷ ಪಕ್ಕದ ಮೇರಿಲ್ಯಾಂಡ್ ರಾಜ್ಯದ ಗೈದರ್ಸ್‌ಬರ್ಗ್‌ನ ಒಂದು ಲ್ಯಾಬಿಗೆ ಅಪ್ಲೈ ಮಾಡಿದಳು. ಇಂಟರ್‌ವ್ಯೂಗೆ ಕರೆದರು. ಅದಕ್ಕೆ ಮುಂಚಿನ ವಾರವೆಲ್ಲ ನಾನೇ ಅವಳ ಪರೀಕ್ಷಕಿ. ಅವಳು ಹುಳಿಗೆ ತರಕಾರಿ ಹೆಚ್ಚುತ್ತಾ ನಿಂತಿರುತ್ತಿದ್ದಳು, ನಾನು ಸ್ಟೂಲಿನ ಮೇಲೆ ಕಾಲು ಮೇಲೆ ಕಾಲು ಹಾಕಿಕೊಂಡು ಕೂತು, 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಅಂತ ಗತ್ತಿನಿಂದ ಕೇಳುತ್ತಿದ್ದೆ. ಅಮ್ಮ ಚಾಕು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡೇ ಉತ್ತರ ಹೇಳುತ್ತಿದ್ದಳು. ಇಂಟರ್‌ವ್ಯೂ ಮುಗಿಸಿ ಬಂದ ದಿನ ಅವಳ ಮುಖ ನೋಡಬೇಕಿತ್ತು. ಅವರು ಲ್ಯಾಬೆಲ್ಲ ತೋರಿಸಿದರಂತೆ, ಫೋನ್ ಮಾಡುತ್ತೇವೆ ಅಂದರಂತೆ.

ಫೋನು ಬರಲೇ ಇಲ್ಲ. ತಾನೇ ಮಾಡಿ ಕೇಳಲಾ ಅಂತ ಅಮ್ಮ ದೊಡ್ಡಪ್ಪನನ್ನು ಕೇಳಿದಳು. ಈ ದೇಶದಲ್ಲಿ ಹಾಗೆಲ್ಲ ಮಾಡಿ ಕೇಳಿದರೆ ಮರ್ಯಾದೆ ಇರುವುದಿಲ್ಲ, ಬೇಕಾಗಿದ್ದರೆ ಅವರೇ ಮಾಡುತ್ತಿದ್ದರು ಅಂದರು. ಅಮ್ಮ ತನ್ನ ಇಂಗ್ಲಿಷೇ ಸರಿಯಿಲ್ಲ ಅಂತ ತೀರ್ಮಾನ ಮಾಡಿಕೊಂಡಳು. ಆಮೇಲೆ ಗ್ರೋಸರಿ ಅಂಗಡಿಯಲ್ಲೂ ಅವಳು ಬಾಯಿ ಬಿಡುತ್ತಿರಲಿಲ್ಲ. ನನ್ನ ಭುಜ ತಟ್ಟಿ, "ನೀನೇ ಕೇಳು ಮಾಲು" ಅನ್ನುತ್ತಿದ್ದಳು. ಕ್ಯಾಷಿಯರು ಹೇಳಿದ್ದನ್ನು ನಾನು ಕನ್ನಡ ಮಾಡುತ್ತಿದ್ದೆ, ಅಮ್ಮ ಹೇಳಿದ್ದನ್ನು ಇಂಗ್ಲಿಷ್ ಮಾಡುತ್ತಿದ್ದೆ. ಒಂಬತ್ತು ವರ್ಷಕ್ಕೇ ನಾನು ಬಲು ನಿಖರವಾದ ದುಭಾಷಿಯಾಗಿದ್ದೆ.

ನಾನು ಹನ್ನೊಂದನೆಯ ವರ್ಷಕ್ಕೆ ಬಿದ್ದ ಬೇಸಿಗೆಯಲ್ಲಿ ದೊಡ್ಡಪ್ಪನಿಗೆ ಹೆಲ್ಸಿಂಕಿಯಲ್ಲಿ ಕಾನ್ಫರೆನ್ಸ್ ಬಂತು. ರೋಹನ್‌ನನ್ನು ಒಬ್ಬಳೇ ಸಂಭಾಳಿಸುವುದು ದೊಡ್ಡಮ್ಮನಿಗೆ ಆಗದ ಮಾತು, ಹಾಗಾಗಿ ನಾವೂ ಹೊರಟೆವು. ಊರಿಗೆಲ್ಲ ಅದು ದೊಡ್ಡಪ್ಪ ತಮ್ಮನ ಸಂಸಾರಕ್ಕೆ ಯುರೋಪ್ ತೋರಿಸಿದ ಕಥೆಯಾಯಿತು. ಅವರದು ಅಮೆರಿಕನ್ ಪಾಸ್‌ಪೋರ್ಟು, ನಮ್ಮದು ಇಂಡಿಯದ್ದು. ವೀಸಾಕ್ಕಾಗಿ ಅಪ್ಪ ವಾಷಿಂಗ್ಟನ್ನಿನ ಎಂಬಸಿಗಳ ಮುಂದೆ ನಿಂತು ಬಂದ. ಎಲ್ಲ ಪಾಸ್‌ಪೋರ್ಟುಗಳೂ ದೊಡ್ಡಪ್ಪನ ಚರ್ಮದ ಕೈಚೀಲ ಸೇರಿದವು. ನೀವು ಕಳೆದುಬಿಡ್ತೀರಿ ಅಂತ ಅವರೇ ಇಟ್ಟುಕೊಂಡರು.

ಕಾನ್ಫರೆನ್ಸಿನ ನಡುವೆ ಒಂದು ದಿನ ಬಿಡುವು. ಕಡಲಿನ ಆಚೆ ದಡಕ್ಕೆ, ಟಾಲಿನ್‌ಗೆ, ಹಡಗಿನಲ್ಲಿ ಹೋಗಿ ಬರುವ ಏರ್ಪಾಡಿತ್ತು. ಈ ಕಡೆ ಒಂದು ದೇಶದ ರಾಜಧಾನಿ, ಆ ಕಡೆ ಹೊಸದಾಗಿ ಸ್ವತಂತ್ರವಾದ ಇನ್ನೊಂದು ದೇಶದ ರಾಜಧಾನಿ. ಮಧ್ಯೆ ಮೂರೂವರೆ ಗಂಟೆಯ ನೀರು, ವಾಷಿಂಗ್ಟನ್ ಸುತ್ತುವ ನಮ್ಮ ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಒಮ್ಮೊಮ್ಮೆ ಕೂರುತ್ತಿದ್ದಷ್ಟು ಹೊತ್ತು. ನಮ್ಮ ಜೊತೆ ಡಾಕ್ಟರ್ ಮಾರ್ಥಾ ಕೂಡ ಬಂದರು. ಅವರು ಆಸ್ಪತ್ರೆಯಲ್ಲಿ ದೊಡ್ಡಪ್ಪನ ವಿಭಾಗದ ಮುಖ್ಯಸ್ಥೆ. ಬೆಳ್ಳಿ ಕೂದಲು, ಗಂಡಸರ ಥರದ ವಾಚು. ಮುಂದಿನ ವರ್ಷ ಅವರು ನಿವೃತ್ತರಾಗುವವರಿದ್ದರು. ಆ ಕುರ್ಚಿ ದೊಡ್ಡಪ್ಪನಿಗೆ ಬೇಕಾಗಿತ್ತು. ಮಕ್ಕಳಾದ ನಮಗೂ ಅದು ಗೊತ್ತಿತ್ತು, ಯಾಕೆಂದರೆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಹಡಗು ಬೆಳ್ಳಗೆ, ಅಪಾರ್ಟ್‌ಮೆಂಟ್ ಕಟ್ಟಡದಷ್ಟು ಎತ್ತರ. ಡೀಸೆಲ್ಲು, ಕಾಫಿ, ಹುರಿದ ಮೀನು, ಸಬ್ಬಸಿಗೆ ಸೊಪ್ಪು ಎಲ್ಲ ಸೇರಿದ ವಾಸನೆ. ಪುಟ್ಟ ಪುಟ್ಟ ದ್ವೀಪಗಳು, ಅವುಗಳ ಮೇಲೆ ಒಂದೊಂದೇ ಮನೆ, ಹಿಂದೆ ಸರಿದವು. ಅಮ್ಮ ಕಿಟಕಿಗೆ ಮೂಗು ತಾಗಿಸಿಕೊಂಡು ನೋಡುತ್ತಿದ್ದಳು. ತೊಡೆಯ ಮೇಲೆ ರೋಹನ್ ಇದ್ದ, ಕಾಲ ಬಳಿ ಕೋಡುಬಳೆ ಮತ್ತು ಗೊಜ್ಜವಲಕ್ಕಿಯ ಡಬ್ಬಿಗಳಿದ್ದವು. ಡಾಕ್ಟರ್ ಮಾರ್ಥಾ ಎದುರಿಗೆ ಅವನ್ನು ತೆರೆಯಬಾರದು ಅಂತ ದೊಡ್ಡಪ್ಪ ಮೊದಲೇ ಹೇಳಿದ್ದರು.

ಮಕ್ಕಳಿಗೆಂದು ಒಂದು ಆಟದ ಕೋಣೆ ಇತ್ತು. ನಾವು ದೊಡ್ಡವರು ಅನ್ನುವ ಜಂಬದಲ್ಲಿ ಅದರ ಮೂಲೆಯಲ್ಲಿ ಕೂತು ಚೌಕಾಬಾರ ಹಾಸಿಕೊಂಡೆವು. ಅನುವಿನ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿ ಇತ್ತು. ನನಗೆ ಗರ ಬಿದ್ದು ಅದನ್ನು ಕಡಿದೆ. ಅವಳಿಗೆ ತಡೆಯಲಾರದ ಸಿಟ್ಟು ಬಂತು. ಮೋಸ ಮಾಡಿದೆ ಅಂದಳು, ನಮ್ಮ ಮನೆಯಲ್ಲಿದ್ದುಕೊಂಡು ಅಂದಳು. ನಾನೂ ಬಿಡಲಿಲ್ಲ. ನಮ್ಮಮ್ಮನಿಗೂ ಒಂದು ದಿನ ಕೆಲಸ ಸಿಗತ್ತೆ, ಆಗ ನಿಮ್ಮ ಮನೆ ನೀವೇ ಇಟ್ಕೊಳ್ಳಿ ಅಂದೆ.

"ಷಿ ಆಲ್‌ರೆಡಿ ಗಾಟ್ ಒನ್" ಅಂದಳು ಅನು. "ಲಾಸ್ಟ್ ಇಯರ್."

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಅವತ್ತು ಜ್ವರ ಅಂತ ಸ್ಕೂಲಿಗೆ ಹೋಗದೆ ಅವಳು ಅಡುಗೆಮನೆಯ ಟೇಬಲ್ಲಿನಲ್ಲಿ ಸೀರಿಯಲ್ ತಿನ್ನುತ್ತಿದ್ದಳಂತೆ. ಅಮ್ಮ ಕೆಳಗೆ ಬಟ್ಟೆ ಒಗೆಯಲು ಹಾಕುತ್ತಿದ್ದಳಂತೆ. ಲ್ಯಾಬಿನಿಂದ ಫೋನು ಬಂತು, ದೊಡ್ಡಪ್ಪ ಎತ್ತಿದರು. ಕೆಲಸ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳಿದರು. ಮನೆಯ ಪರಿಸ್ಥಿತಿ ಬದಲಾಗಿದೆ, ಅವಳಿಗೆ ಈಗ ಆಸಕ್ತಿಯಿಲ್ಲ ಅಂದರು. ಇಟ್ಟರು. ಕಾಫಿ ಕುಡಿದರು. ಹೇಳುತ್ತಾ ಹೇಳುತ್ತಾ ಅನುವಿನ ಸಿಟ್ಟು ಇಳಿದು ಮುಖ ಸಣ್ಣದಾಯಿತು. ತಾನು ಏನು ಹೇಳಿಬಿಟ್ಟೆ ಅನ್ನುವುದು ಆಮೇಲೆ ತಿಳಿಯಿತೇನೋ.

ನಾನು ಕಾಯಿ, ಕವಡೆಗಳನ್ನೆಲ್ಲ ಎತ್ತಿ ಚೀಲಕ್ಕೆ ಹಾಕಿಕೊಂಡೆ. ಅಳು ಬರಲಿಲ್ಲ. ಬಂದದ್ದು ಸಿಟ್ಟು. ನಿಜ ಹೇಳಬೇಕೆಂದರೆ ಅದು ಹಿತವಾಗಿಯೇ ಇತ್ತು.

ಟಾಲಿನ್ ಚೆನ್ನಾಗಿತ್ತಂತೆ. ನನಗೆ ನೆನಪಿರುವುದು ಕಲ್ಲು ಹಾಸಿದ ಏರುದಾರಿ, ಅದರ ಮೇಲೆ ಚಪ್ಪಲಿ ಜಾರುತ್ತಿದ್ದರೂ ರೋಹನ್‌ನನ್ನು ಸೊಂಟದ ಮೇಲೆ ಹೊತ್ತು ಹತ್ತುತ್ತಿದ್ದ ಅಮ್ಮ. ಹಿಂದೆ ಎರಡೂ ಕೈಯಲ್ಲಿ ಚೀಲ ಹಿಡಿದು ಅಪ್ಪ. ಬೆಟ್ಟದ ಮೇಲಿನಿಂದ ಕೆಂಪು ಹೆಂಚಿನ ಮಾಡುಗಳು, ಅದರಾಚೆ ನಾವು ದಾಟಿ ಬಂದ ಕಡಲು. ದೊಡ್ಡಪ್ಪ ಡಾಕ್ಟರ್ ಮಾರ್ಥಾರನ್ನೂ ದೊಡ್ಡಮ್ಮನನ್ನೂ ಗೋಡೆಯ ಹತ್ತಿರ ನಿಲ್ಲಿಸಿ ಫೋಟೋ ತೆಗೆದರು. "ಗಿರಿಜಾ, ಸ್ವಲ್ಪ ಆಚೆ ನಿಂತ್ಕೋ, ಫ್ರೇಮಿನಲ್ಲಿ ಬರ್ತಿದೀಯ" ಅಂದರು. ಅಮ್ಮ ಆಚೆ ನಿಂತುಕೊಂಡಳು.

ಒಂದು ಸಂದಿಯಲ್ಲಿ ಬಾದಾಮಿಗೆ ಸಕ್ಕರೆ, ಚಕ್ಕೆಪುಡಿ ಹಾಕಿ ಹುರಿಯುತ್ತಿದ್ದರು. ಅನು ಒಂದು ಪೊಟ್ಟಣ ಕೊಂಡು ತಂದು ಅರ್ಧಕ್ಕಿಂತ ಜಾಸ್ತಿ ನನ್ನ ಕೈಗೆ ಸುರಿದಳು. ನಾನು ತಿಂದೆ. ತಿನ್ನುತ್ತಲೇ ಲೆಕ್ಕ ಹಾಕುತ್ತಿದ್ದೆ. ಅಮ್ಮನಿಗೆ ಹೇಳಿದರೆ ಅವಳು ನುಂಗಿಕೊಳ್ಳುತ್ತಾಳೆ, ನನಗೂ ಸುಮ್ಮನಿರು ಅನ್ನುತ್ತಾಳೆ. ಅಪ್ಪನಿಗೆ ಹೇಳಿದರೆ ನೆಲ ನೋಡುತ್ತಾನೆ, ಅವನ ಸಂಬಳ ಕೊಡುವವರೇ ದೊಡ್ಡಪ್ಪ. ದೊಡ್ಡಪ್ಪನಿಗೆ ತಮ್ಮನ ಮುಂದಾಗಲಿ, ನಾದಿನಿಯ ಮುಂದಾಗಲಿ ನಾಚಿಕೆಯಿರಲಿಲ್ಲ. ಅವರಿಗೆ ನಾಚಿಕೆಯಿದ್ದದ್ದು ಆ ಬೆಳ್ಳಿ ಕೂದಲಿನ ಹೆಂಗಸಿನ ಮುಂದೆ ಒಂದೇ ಕಡೆ. ಹತ್ತು ವರ್ಷದವಳಿಗೂ ಅದು ಕಾಣುತ್ತಿತ್ತು.

ವಾಪಸು ಬರುವ ಹಡಗಿನಲ್ಲಿ ಸಂಜೆಯಾದರೂ ಬಿಸಿಲು ಇಳಿದಿರಲಿಲ್ಲ. ಊಟದ ಹಾಲಿನಲ್ಲಿ ಎಲ್ಲರೂ ಒಂದೇ ಉದ್ದನೆಯ ಟೇಬಲ್ಲಿಗೆ ಕೂತೆವು. ನಮಗೆ ತಿನ್ನಲು ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು ಬಿಟ್ಟರೆ ಏನೂ ಇರಲಿಲ್ಲ. ರೋಹನ್ ಹಸಿವಿಗೆ ರಚ್ಚೆ ಹಿಡಿದ. ಅಮ್ಮ ಮೊದಲು ಬ್ರೆಡ್ಡಿಗೆ ಜಾಮ್ ಸವರಿ ಕೊಟ್ಟು ನೋಡಿದಳು, ಕೊನೆಗೆ ವಿಧಿಯಿಲ್ಲದೆ ಡಬ್ಬಿ ತೆರೆದಳು. ದೊಡ್ಡಪ್ಪ ಕಣ್ಣು ಬಿಟ್ಟರು. ಅಷ್ಟರಲ್ಲಿ ಡಾಕ್ಟರ್ ಮಾರ್ಥಾ ಕೈಚಾಚಿ ಒಂದು ಕೋಡುಬಳೆ ತೆಗೆದುಕೊಂಡು ಕಚ್ಚಿದರು. ಇನ್ನೊಂದು ತೆಗೆದುಕೊಂಡರು. ಇದನ್ನು ನೀನೇ ಮಾಡಿದೆಯಾ ಅಂತ ಅಮ್ಮನನ್ನು ಕೇಳಿದರು. ಇಂಡಿಯದಲ್ಲಿ ಏನು ಮಾಡುತ್ತಿದ್ದೆ ಅಂತಲೂ ಕೇಳಿದರು.

ಅಮ್ಮ ನನ್ನ ಕಡೆ ನೋಡಿದಳು. ನಾನು ಬೇಕೆಂದೇ ಸುಮ್ಮನಿದ್ದೆ. ಆಗ ಅವಳು ಮೆಲ್ಲಗೆ, ಒಂದೊಂದೇ ಪದ ಜೋಡಿಸಿಕೊಂಡು, ತನ್ನ ಲ್ಯಾಬಿನ ವಿಷಯ ಹೇಳಿದಳು. ಹಾಲಿನ ಪುಡಿಯಲ್ಲಿ ಎಂಥ ಬ್ಯಾಕ್ಟೀರಿಯಾ ಇರುತ್ತವೆ, ಅವನ್ನು ಹೇಗೆ ಬೆಳೆಸಿ ನೋಡುತ್ತಾರೆ ಅನ್ನುವುದನ್ನೆಲ್ಲ. ಡಾಕ್ಟರ್ ಮಾರ್ಥಾ ಚಮಚ ಕೆಳಗಿಟ್ಟು ಕೇಳಿದರು. ಮೇರಿಲ್ಯಾಂಡಿನಲ್ಲಿ ಇಂಥ ಕೆಲಸ ಬೇಕಾದಷ್ಟಿದೆ, ಯಾಕೆ ಪ್ರಯತ್ನ ಮಾಡಲಿಲ್ಲ ಅಂದರು.

ದೊಡ್ಡಪ್ಪ ನಕ್ಕರು. ಗಿರಿಜಾಗೆ ಹೊರಗೆ ದುಡಿಯುವ ಆಸೆಯೇ ಇಲ್ಲ, ಮನೆಯಲ್ಲೇ ಸುಖವಾಗಿದ್ದಾಳೆ ಅಂತ ಇಂಗ್ಲಿಷಿನಲ್ಲಿ ಹೇಳಿದರು.

ನನಗೆ ಬೇಕಾಗಿದ್ದದ್ದು ಅಷ್ಟೇ. ಟೇಬಲ್ಲಿನ ಕೊನೆಯಿಂದ, ಸ್ಕೂಲಿನಲ್ಲಿ ಪಾಠ ಓದುವ ದನಿಯಲ್ಲಿ ಇಂಗ್ಲಿಷಿನಲ್ಲೇ ಹೇಳಿದೆ. ಅಮ್ಮ ಅಪ್ಲೈ ಮಾಡಿದ್ದಳು, ಅವರು ಕೆಲಸ ಕೊಟ್ಟು ಫೋನ್ ಮಾಡಿದ್ದರು, ನಮ್ಮ ದೊಡ್ಡಪ್ಪ ಫೋನ್ ಎತ್ತಿ ಅವಳಿಗೆ ಬೇಡ ಅಂದರು, ಅವಳಿಗೆ ಹೇಳಲೇ ಇಲ್ಲ.

ಅಮ್ಮ ನನ್ನನ್ನು ನೋಡಿದಳು. "ಏನಂದೆ ನೀನು?"

ಕನ್ನಡದಲ್ಲಿ ಇನ್ನೊಮ್ಮೆ ಹೇಳಿದೆ. ದೊಡ್ಡಪ್ಪನ ಕಣ್ಣು ನನ್ನ ಮೇಲಿಂದ ಅನುವಿನ ಮೇಲೆ ಹೋಯಿತು. ಅನು ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನೇ ನೋಡುತ್ತಿದ್ದಳು, ಕಿವಿ ಕೆಂಪಗಾಗಿತ್ತು. ಅಮ್ಮ ದನಿ ಎತ್ತರಿಸಲಿಲ್ಲ.

"ಭಾವ, ಫೋನ್ ಬಂದಿತ್ತಾ?"

ಸುಳ್ಳು ಹೇಳಿದ್ದರೆ ಬಹುಶಃ ಗೆದ್ದುಬಿಡುತ್ತಿದ್ದರು. ಆದರೆ ತಾವು ಮಾಡಿದ್ದು ತಪ್ಪು ಅಂತಲೇ ಅವರಿಗೆ ಅನ್ನಿಸಿರಲಿಲ್ಲ. ಮುಖದ ಮೇಲಿನ ನಗು ಹಾಗೇ ಇಟ್ಟುಕೊಂಡು, ಡಾಕ್ಟರ್ ಮಾರ್ಥಾಗೆ ತಿಳಿಯದಿರಲಿ ಅಂತ ಕನ್ನಡದಲ್ಲಿ ಹೇಳಿದರು: "ಬಂದಿತ್ತು. ಏನೀಗ? ರೋಹನ್ ಆಗಿನ್ನೂ ತೆವಳ್ತಿದ್ದ. ನೀನು ಗೈದರ್ಸ್‌ಬರ್ಗ್‌ಗೆ ಹೋಗಿ ಕೂತ್ರೆ ಇಲ್ಲಿ ಯಾರು ನೋಡ್ಕೋತಾರೆ?"

ನಾನು ಡಾಕ್ಟರ್ ಮಾರ್ಥಾ ಕಡೆ ತಿರುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಪದವನ್ನೂ ಬಿಡಲಿಲ್ಲ.

"ಬಾಯಿ ಮುಚ್ಚು ಮಾಲು" ಅಂದರು ದೊಡ್ಡಪ್ಪ. ಅದನ್ನೂ ಹೇಳಿದೆ.

"ನಿಮ್ಮನ್ನ ಕರೆಸಿಕೊಂಡಿದ್ದು ಯಾರು? ಸಾಕ್ತಿರೋದು ಯಾರು? ಇಷ್ಟು ಮಾಡೋದು ದೊಡ್ಡದಾ?" ಈಗ ಅವರು ಅಪ್ಪನನ್ನು ನೋಡಿ ಹೇಳುತ್ತಿದ್ದರು. ಅದನ್ನೂ ಹೇಳಿದೆ. ಅಂಗಡಿಗಳಲ್ಲಿ, ಬ್ಯಾಂಕಿನಲ್ಲಿ ಅಮ್ಮನ ಪಕ್ಕ ನಿಂತು ಕಲಿತ ವಿದ್ಯೆ ಅದು, ಅಮ್ಮನ ಬಾಯಿ ಕಟ್ಟಿ ನನಗೆ ಅದನ್ನು ಕಲಿಸಿದವರು ಈ ದೊಡ್ಡಪ್ಪನೇ. ದೊಡ್ಡಪ್ಪನ ಕುತ್ತಿಗೆಯ ನರ ಉಬ್ಬಿ, ಮುಖದ ನಗು ತುಂಡುತುಂಡಾಗಿ ಕಳಚಿಬೀಳುವುದನ್ನು ನೋಡುತ್ತಾ, ಇದು ಇನ್ನೂ ಸ್ವಲ್ಪ ಹೊತ್ತು ನಡೆಯಲಿ ಅಂತ ನಾನು ಆಸೆಪಟ್ಟೆ.

ಅಮ್ಮ ಎದ್ದಳು. ತೊಡೆಯ ಮೇಲಿದ್ದ ರೋಹನ್‌ನನ್ನು, ಕೈಬಾಯೆಲ್ಲ ಜಾಮ್ ಮೆತ್ತಿಕೊಂಡಿದ್ದವನನ್ನು, ಟೇಬಲ್ಲು ಸುತ್ತಿ ಹೋಗಿ ದೊಡ್ಡಪ್ಪನ ಸೂಟಿನ ಮೇಲೆ ಕೂರಿಸಿದಳು.

"ಹಿಡ್ಕೊಳ್ಳಿ ಭಾವ" ಅಂದಳು. "ನಿಮ್ಮ ಮಗ."

ಅವಳು ಡೆಕ್ಕಿಗೆ ಹೊರಟುಹೋದಳು. ಅಪ್ಪ ಕೂತೇ ಇದ್ದ. ಅಣ್ಣ ಏಳುವ ಮುಂಚೆ ಊಟದಿಂದ ಎದ್ದವನೇ ಅಲ್ಲ ಅವನು. ನಾನು ಅವನನ್ನು ದ್ವೇಷಿಸಲು ಸಿದ್ಧಳಾಗುತ್ತಿದ್ದೆ. ಅಷ್ಟರಲ್ಲಿ ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಕ್ಲಿನಿಕ್ಕಿಗೆ ಬೇರೆ ಜನ ನೋಡ್ಕೋ ಅಣ್ಣ" ಅಂದ. ದನಿ ಕೇಳಿಸುವಷ್ಟೂ ಇರಲಿಲ್ಲ. ನನ್ನ ಕೈಹಿಡಿದು ಹೊರಗೆ ಕರೆದುಕೊಂಡು ಹೋದ. ನಾನು ತಿರುಗಿ ನೋಡಿದೆ. ಡಾಕ್ಟರ್ ಮಾರ್ಥಾ ಕೈಯೊರೆಸುವ ಕಾಗದವನ್ನು ಮಡಚಿ ತಟ್ಟೆಯ ಪಕ್ಕ ಇಟ್ಟು ಏಳುತ್ತಿದ್ದರು. ರೋಹನ್ ನಮ್ಮಮ್ಮನಿಗಾಗಿ ಅರಚುತ್ತಾ ದೊಡ್ಡಪ್ಪನ ಟೈ ಹಿಡಿದು ಎಳೆಯುತ್ತಿದ್ದ. ಆ ಚಿತ್ರ ಈಗಲೂ ನನ್ನ ಹತ್ತಿರ ಹಾಗೇ ಇದೆ. ಬೇಸರವಾದಾಗ ತೆಗೆದು ನೋಡಿಕೊಳ್ಳುತ್ತೇನೆ.

ಡೆಕ್ಕಿನ ಮೇಲೆ ಗಾಳಿ ಜೋರಾಗಿತ್ತು. ಅಮ್ಮ ಕಂಬಿ ಹಿಡಿದು ನಿಂತಿದ್ದಳು. ನನ್ನನ್ನು ಹೊಗಳುತ್ತಾಳೆ ಅಂದುಕೊಂಡಿದ್ದೆ. "ಒಂದು ವರ್ಷ" ಅಂದಳು, ನನಗಲ್ಲ, ನೀರಿಗೆ. "ನನಗೆ ಏನೂ ಬರಲ್ಲ ಅಂತ ನಂಬಿಸಿಬಿಟ್ಟಿದ್ರಲ್ಲ." ಅಪ್ಪ ಅವಳ ಪಕ್ಕ ನಿಂತ, ಮುಟ್ಟಲಿಲ್ಲ. ಹೆಲ್ಸಿಂಕಿಯ ಬಂದರು ಕಾಣುವವರೆಗೂ ಹಾಗೇ ನಿಂತಿದ್ದೆವು.

ಇಳಿಯುವ ಬಾಗಿಲಿನಲ್ಲಿ ಅಮ್ಮ ದೊಡ್ಡಪ್ಪನ ಎದುರು ಕೈಯೊಡ್ಡಿ, ನಮ್ಮ ಮೂರು ಪಾಸ್‌ಪೋರ್ಟ್ ಕೊಡಿ ಅಂತ ಕೇಳಿದಳು. ಹಿಂದೆ ಜನ ಸಾಲುಗಟ್ಟಿದ್ದರು. ಅವರು ಚೀಲದಿಂದ ತೆಗೆದುಕೊಟ್ಟರು. ಪಾಸ್‌ಪೋರ್ಟ್ ಸಾಲಿನಲ್ಲಿ ನಮ್ಮನ್ನು ತುಂಬ ಹೊತ್ತು ನಿಲ್ಲಿಸಿ ಪ್ರಶ್ನೆ ಕೇಳಿದರು. ಈ ಸಲ ಉತ್ತರ ಹೇಳಿದ್ದು ಅಮ್ಮ.

ಫೇರ್‌ಫ್ಯಾಕ್ಸ್‌ಗೆ ಬಂದ ಮೇಲೆ ಅಮ್ಮ ಅಡುಗೆಮನೆಯ ಫೋನಿನಿಂದಲೇ, ದೊಡ್ಡಪ್ಪ ಕಾಫಿ ಕುಡಿಯುತ್ತಾ ಕೂತಿದ್ದಾಗಲೇ, ಆ ಲ್ಯಾಬಿಗೆ ಮಾಡಿದಳು. ಆ ಕೆಲಸ ಎಂದೋ ಬೇರೆಯವರ ಪಾಲಾಗಿತ್ತು. ಚಳಿಗಾಲದಲ್ಲಿ ಇನ್ನೊಂದು ಲ್ಯಾಬಿನಲ್ಲಿ, ಅದಕ್ಕಿಂತ ಕೆಳಗಿನ ಹುದ್ದೆ ಸಿಕ್ಕಿತು. ಅಪ್ಪ ಒಂದು ಹಾರ್ಡ್‌ವೇರ್ ಅಂಗಡಿ ಸೇರಿದ. ಗೈದರ್ಸ್‌ಬರ್ಗ್‌ನಲ್ಲಿ ಒಂದು ಬೆಡ್‌ರೂಮಿನ ಮನೆ ಹಿಡಿದೆವು. ಡಾಕ್ಟರ್ ಮಾರ್ಥಾ ಕುರ್ಚಿಗೆ ಬೇರೆ ಯಾರೋ ಬಂದರು. ಹೊರಗಿನವರನ್ನು ತರಬೇಕು ಅಂತ ಆಸ್ಪತ್ರೆಯವರು ಮೊದಲೇ ನಿರ್ಧರಿಸಿದ್ದರು ಅಂತ ಕೆಲವರು ಹೇಳಿದರು. ಇರಬಹುದು. ನಾನು ಅದನ್ನು ನಂಬುವುದಿಲ್ಲ, ನಂಬುವ ಇಷ್ಟವೂ ಇಲ್ಲ.

ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು. ಮನೆಗೆ ಬಂದ ಮೇಲೆ ಅನುವಿಗೆ ಏನೇನು ಕಾದಿತ್ತೋ ನನಗೆ ಗೊತ್ತಿಲ್ಲ. ಆ ಬೇಸಿಗೆ ಅವಳು ಒಮ್ಮೆಯೂ ಕೆಳಗಿಳಿದು ಬರಲಿಲ್ಲ. ನಾವು ಮನೆ ಖಾಲಿ ಮಾಡಿದ ದಿನ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದಳು. ನನಗೆ ಮದುವೆಯಾಯಿತು, ಅವಳಿಗೂ ಆಯಿತು. ಎರಡೂ ಫೋಟೋಗಳಲ್ಲಿ ಇನ್ನೊಬ್ಬಳಿಲ್ಲ. ನನಗೆ ಹೆರಿಗೆಯಾದಾಗ, ಅಪ್ಪ ತೀರಿಕೊಂಡಾಗ, ಫೋನು ಎತ್ತಿ ಮಾತಾಡಬೇಕು ಅನ್ನಿಸಿದ್ದು ಅವಳೊಬ್ಬಳ ಜೊತೆ.

ಕಳೆದ ವರ್ಷ ದೊಡ್ಡಪ್ಪ ಹಾಸಿಗೆ ಹಿಡಿದರು. ಅಮ್ಮ ಈಗ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ನಮ್ಮ ಜೊತೆ ಇದ್ದಾಳೆ, ನಿವೃತ್ತಳಾಗಿದ್ದಾಳೆ. ಶನಿವಾರ ಮೆತ್ತಗೆ ಅನ್ನ ಮಾಡಿ, ಖಾರ ಕಮ್ಮಿ ಹಾಕಿ ಸಾರು ಮಾಡಿ, ಫೇರ್‌ಫ್ಯಾಕ್ಸ್‌ಗೆ ಕರೆದುಕೊಂಡು ಹೋಗು ಅನ್ನುತ್ತಾಳೆ. ಅವಳು ಕ್ಷಮಿಸಿದ್ದಾಳೆ. ಯಾವಾಗ ಕ್ಷಮಿಸಿದಳೋ ನನಗೆ ಹೇಳಲಿಲ್ಲ, ನನ್ನನ್ನು ಕೇಳಲೂ ಇಲ್ಲ. ನಾನು ಡ್ರೈವ್ ಮಾಡುತ್ತೇನೆ, ಮನೆಯ ಮುಂದೆ ಅವಳನ್ನು ಇಳಿಸಿ ಕಾರಿನಲ್ಲೇ ಕೂರುತ್ತೇನೆ.

ಒಂದು ಶನಿವಾರ ಅನು ಹೊರಗೆ ಬಂದಳು. ಕೂದಲು ನರೆತಿತ್ತು, ಕೈಯಲ್ಲಿ ಔಷಧದ ಲೋಟವಿತ್ತು. ನಾನು ಗಾಜು ಇಳಿಸಿದೆ. ಟ್ರಾಫಿಕ್ ಹೇಗಿತ್ತು ಅಂತ ಕೇಳಿದಳು. ಪರವಾಗಿಲ್ಲ ಅಂದೆ. ಮಕ್ಕಳು ಎಷ್ಟನೇ ಗ್ರೇಡು ಅಂತ ಒಬ್ಬರನ್ನೊಬ್ಬರು ಕೇಳಿಕೊಂಡೆವು. ಆಮೇಲೆ ಅವಳು ನನ್ನ ಜೊತೆ ಎಂದೂ ಆಡದಿದ್ದ ಕನ್ನಡದಲ್ಲಿ, ಪದಗಳನ್ನು ಹುಡುಕಿಕೊಂಡು ಕೇಳಿದಳು.

"ಮಾಲು, ಒಳಗೆ ಬರೋದಿಲ್ವಾ? ಅವರಿಗೆ ಈಗ ಯಾರದೂ ನೆನಪು ಇಲ್ಲ."

"ನನಗಿದೆ" ಅಂದೆ.

ಅವಳು ಕಾರಿನ ಬಾಗಿಲ ಮೇಲಿಟ್ಟಿದ್ದ ಕೈ ತೆಗೆದಳು. ಆಮೇಲೆ ತಲೆಯಾಡಿಸಿ, ಹುಲ್ಲಿನ ಮೇಲೆ ನಡೆದು ಒಳಗೆ ಹೋದಳು. ನಾನು ಗಾಜು ಏರಿಸಿಕೊಂಡೆ.